‘ಇಂಥ’ ರೇಡಾರ್ ಮತ್ತು ಪಕ್ಕದವರ ಲೋಭ

ಹೋದ ವರ್ಷ ರಾಜ್ಯೋತ್ಸವ ಮುಗಿದ ಮೊದಲ ಭಾನುವಾರ, ದೆಹಲಿಯ ಆರ್.ಕೆ.ಪುರಂನಲ್ಲಿ, ಇನ್ನೂರು ಜನ ಕನ್ನಡಿಗರ ಎದುರು ಮೈಕಿನ ಮುಂದೆ ನಿಂತು ನಾನು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಲಂಚಕೋರ ಎಂದುಬಿಟ್ಟೆ. ಹಾಗೆ ಅನ್ನುವ ಉದ್ದೇಶ ದೇವರಾಣೆಗೂ ಇರಲಿಲ್ಲ. ಯುದ್ಧವಿಮಾನದ ರೇಡಾರ್ ಬಗ್ಗೆ ಬರೆದ ಭಾಷಣವೊಂದನ್ನು ಓದುತ್ತಿದ್ದೆ, ಅಷ್ಟೇ. ರೇಡಾರಿನಿಂದ ಲಂಚಕ್ಕೆ ಹೇಗೆ ಹೋದೆಯಪ್ಪಾ ಎಂದು ಕೇಳಿದರೆ, ಒಂದೇ ಒಂದು ಮಹಾಪ್ರಾಣದ ಬೆನ್ನೇರಿ ಹೋದೆ.

ನಾನು ಅರಸೀಕೆರೆಯವನು. ನೋಯ್ಡಾದ ಒಂದು ಜಾಹೀರಾತು ಕಚೇರಿಯಲ್ಲಿ ಕೆಲಸ. ಕುಕ್ಕರ್, ತಲೆಗೆಣ್ಣೆ, ಸೊಳ್ಳೆ ಬತ್ತಿ ಇವುಗಳ ಹಿಂದಿ ಜಾಹೀರಾತನ್ನು ಕನ್ನಡಕ್ಕೆ ತರುತ್ತೇನೆ. ದಿನಕ್ಕೆ ನಾಲ್ಕು ಸಾಲು ಬರೆದು ನನ್ನನ್ನು ನಾನೇ ದೊಡ್ಡ ಅನುವಾದಕ ಎಂದು ಕರೆದುಕೊಳ್ಳುವ ರೋಗ ಮೊದಲಿನಿಂದಲೂ ಇದೆ. ಇರುವುದು ಜನಕಪುರಿಯಲ್ಲಿ, ಉತ್ತಯ್ಯ ಅಂಕಲ್ ಮನೆಯ ಮಹಡಿಯ ಕೋಣೆಯಲ್ಲಿ, ಬಾಡಿಗೆಗೆ.

ಉತ್ತಯ್ಯ ಅಂಕಲ್ ಕೊಡಗಿನವರು. ವಾಯುಪಡೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಯುದ್ಧವಿಮಾನಗಳ ರೇಡಾರ್ ರಿಪೇರಿ ಮಾಡಿ ನಿವೃತ್ತರಾದವರು. ಎಡಗಿವಿಯನ್ನು ಇಂಜಿನ್ನಿನ ಸದ್ದಿಗೆ ಕಾಣಿಕೆ ಕೊಟ್ಟಿದ್ದಾರೆ. ಬಲಗಿವಿ ಪರವಾಗಿಲ್ಲ. ಅವರ ಹೆಂಡತಿ ಪೊನ್ನಮ್ಮ ಆಂಟಿ. ಆಂಟಿಗೆ ಜೀವನದಲ್ಲಿ ಒಂದೇ ದೂರು. ಅದನ್ನು ನಾನು ಆ ಮನೆಗೆ ಹೋದ ಮೊದಲ ವಾರವೇ ಕೇಳಿದೆ.

“ಮದುವೆಯಾಗಿ ನಲವತ್ತು ವರ್ಷ ಆಯ್ತು ಪ್ರದೀಪ. ಈ ಮನುಷ್ಯ ಆಫೀಸಲ್ಲಿ ಏನು ಮಾಡ್ತಿದ್ರು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಕೇಳಿದ್ರೆ ‘ಡ್ಯೂಟಿ’ ಅಂತಾರೆ. ನಮ್ಮಮ್ಮ ಸಾಯೋವರೆಗೂ ಅಳಿಯ ಟೀವಿ ರಿಪೇರಿಯವನು ಅಂತ್ಲೇ ಅಂದ್ಕೊಂಡಿದ್ರು.”

ಅಂಕಲ್ ತಲೆ ಕೆರೆದುಕೊಳ್ಳುತ್ತಿದ್ದರು. “ಆಗ ಹೇಳೋ ಹಾಗಿರಲಿಲ್ಲ ಪೊನ್ನೂ. ಆಮೇಲೆ ಹೇಳೋಣ ಅಂದ್ರೆ ಎಲ್ಲಿಂದ ಶುರು ಮಾಡೋದು?”

ಶುರು ಮಾಡಲು ಒಂದು ಅವಕಾಶ ಕೊನೆಗೂ ಬಂತು. ಕೊಟ್ಟವರು ಶೇಷಗಿರಿ ರಾಯರು. ರಾಯರು ನಮ್ಮ ಕಡೆಯವರ ಸಂಘದ ಅಧ್ಯಕ್ಷರು, ಅಂಕಲ್‌ಗೆ ಇಪ್ಪತ್ತೈದು ವರ್ಷದ ಗೆಳೆಯ, ಮತ್ತು ಪ್ರತಿ ಭಾನುವಾರ ಬೆಳಿಗ್ಗೆ ಜನಕಪುರಿ ಪಾರ್ಕಿನ ಬೆಂಚಿನ ಮೇಲೆ ಖಾಯಂ ಶತ್ರು. ಸರ್ಕಾರ ಸೇನೆಗೆ ಸಾಮಾನು ಕೊಳ್ಳುವ ಒಂದು ವಿಭಾಗದಲ್ಲಿ ಫೈಲು ನೋಡುತ್ತಿದ್ದವರು ಅವರು. ಅಂಕಲ್ ಆ ಸಾಮಾನಿಗೆ ಕಾದು ಕೂತವರು. ಜಗಳಕ್ಕೆ ಬೇರೆ ಕಾರಣ ಬೇಕೆ?

“ರಾವ್ ಸಾಹೇಬ್ರೇ, ನೀವು ಟೆಂಡರ್ ಕರೆದಾಗ ಆ ರೇಡಾರ್ ಹೊಚ್ಚ ಹೊಸದು. ನೀವು ಸಹಿ ಹಾಕೋ ಹೊತ್ತಿಗೆ ಅದನ್ನ ಮ್ಯೂಸಿಯಮ್‌ನೋರು ಕೇಳ್ತಿದ್ರು.”

“ಅಚ್ಛಾ? ನೀನು ಕೇಳಿದ ತಕ್ಷಣ ಕೊಂಡಿದ್ರೆ ಮಾರನೇ ದಿನ ಪಾರ್ಲಿಮೆಂಟಲ್ಲಿ ಗಲಾಟೆ. ಒಂದು ಸರ್ಕಾರ ಬೇಕು ಅನ್ನುತ್ತೆ, ಇನ್ನೊಂದು ಬಂದು ಯಾಕೆ ಬೇಕಿತ್ತು ಅನ್ನುತ್ತೆ, ಮೂರನೇದು ಬಂದು ನಾವೇ ಮಾಡ್ಕೊಳ್ಳೋಣ ಅನ್ನುತ್ತೆ. ಹೋಗೋರು ಹೋಗ್ತಾರೆ. ಫೈಲಲ್ಲಿ ಉಳಿಯೋ ಇಂಕು ನಂದು!”

“ಇಂಕು ನಿಮ್ಮದು. ಜೀವ ಪೈಲಟ್‌ದು.”

“ಕಡಲೆಕಾಯಿ ನನ್ನದು, ಕೊಡು ಇಲ್ಲಿ.”

ಪ್ರತಿ ಸಲ ಜಗಳ ಇಲ್ಲಿಗೆ ಮುಗಿಯುತ್ತಿತ್ತು. ಈ ಜಗಳಕ್ಕೊಂದು ಗಡಿಯೂ ಇತ್ತು, ಅದನ್ನು ಅಂಕಲ್ ಎಂದೂ ದಾಟುತ್ತಿರಲಿಲ್ಲ. ಹಿಂದೊಮ್ಮೆ ರಾಯರು ನೋಡಿದ ಒಂದು ಖರೀದಿ ಸರ್ಕಾರ ಬದಲಾದ ಮೇಲೆ ವಿಚಾರಣೆಗೆ ಹೋಯಿತು. ನಾಲ್ಕು ವರ್ಷ ಅವರನ್ನು ಕರೆದು ಕರೆದು ಕೇಳಿದರು. ಕೊನೆಗೆ ಅವರ ಮೇಲೆ ಏನೂ ಇಲ್ಲ ಎಂದು ಕಾಗದ ಬಂತು. ಆ ನಾಲ್ಕು ವರ್ಷ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅವರ ಹೆಂಡತಿಯನ್ನು ಅರಿಸಿನ ಕುಂಕುಮಕ್ಕೆ ಕರೆಯುವವರು ಕಡಿಮೆಯಾಗಿದ್ದರಂತೆ. ಇದನ್ನೆಲ್ಲ ಅಂಕಲ್ ನನಗೆ ಹೇಳಿದ್ದರು. “ಏನು ಬೇಕಾದ್ರೂ ಜೋಕ್ ಮಾಡು ಮಾರಾಯ, ಅದೊಂದು ಬೇಡ,” ಎಂದೂ ಹೇಳಿದ್ದರು.

ರಾಯರು ಆ ಸಲದ ರಾಜ್ಯೋತ್ಸವದಲ್ಲಿ ಮಕ್ಕಳ ಡ್ಯಾನ್ಸಿಗೂ ಊಟಕ್ಕೂ ನಡುವೆ ಅರ್ಧ ಗಂಟೆ ಖಾಲಿ ಇದೆ ಎಂದರು. “ನಿನ್ನ ರೇಡಾರ್ ಬಗ್ಗೆ ಮಾತಾಡು. ಆದ್ರೆ ಕನ್ನಡದಲ್ಲಿ ಮಾತಾಡು. ನಿನ್ನ ಕನ್ನಡ ಕೇಳಿದ್ರೆ ಬಾವುಟ ತಾನಾಗೇ ಅರ್ಧಕ್ಕೆ ಇಳಿಯುತ್ತೆ.”

ಅಂಕಲ್‌ಗೆ ಈ ಮಾತು ನಾಟಿತು. ಆಂಟಿ ಮಾತ್ರ ಆ ಸಂಜೆಯೇ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದರು. “ಮೊದಲ ಸಾಲಲ್ಲಿ ಕೂರಲ್ಲ, ನಂಗೆ ನಾಚಿಕೆ. ಹಿಂದೆ ಕೂತು ಕೇಳ್ತೀನಿ. ಅಂತೂ ಗೊತ್ತಾಗುತ್ತಲ್ಲ!” ಎಂದರು. ಅವರ ಮುಖ ನೋಡಿದ ಅಂಕಲ್ ರಾತ್ರೋರಾತ್ರಿ ಗಂಭೀರರಾದರು. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡಿದ್ದರು, ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಆಗ ನಾನು ಎದೆ ತಟ್ಟಿಕೊಂಡೆ.

“ಅಂಕಲ್, ನೀವು ಫೋನಿಗೆ ಹೇಳ್ತಾ ಹೋಗಿ. ಅದೇ ಟೈಪ್ ಮಾಡ್ಕೊಳ್ಳುತ್ತೆ. ನಾನು ಅಚ್ಚ ಕನ್ನಡಕ್ಕೆ ತರ್ತೀನಿ. ಅಲ್ಲಿ ನಾನೇ ಓದ್ತೀನಿ. ನೀವು ಪಕ್ಕದಲ್ಲಿ ಹೀರೋ ಥರ ನಿಂತ್ಕೊಳ್ಳಿ.”

ಅಂಕಲ್ ವಿಮಾನದ ಹ್ಯಾಂಗರಿನಲ್ಲಿ ಮೂವತ್ತು ವರ್ಷ ಹಿಂದಿಯಲ್ಲೇ ಬೈದು ಹಿಂದಿಯಲ್ಲೇ ಬೈಸಿಕೊಂಡವರು. ರೇಡಾರ್ ಅಂದರೆ ಅವರ ಬಾಯಿಗೆ ಬರುವುದೇ ಹಿಂದಿ. ಎರಡು ದಿನ ಬಾಲ್ಕನಿಯಲ್ಲಿ ಕೂತು ಫೋನಿಗೆ ಹೇಳಿದರು. ಗುಟ್ಟಿನದೇನೂ ಇಲ್ಲ, ಪೇಪರಿನಲ್ಲಿ ಬಂದಿರುವುದನ್ನಷ್ಟೇ ಹೇಳಿದ್ದೇನೆ ಎಂದು ಮೂರು ಸಲ ಖಚಿತಪಡಿಸಿದರು. ಫೋನು ಅದನ್ನೆಲ್ಲ ಹಿಂದಿ ಲಿಪಿಯಲ್ಲಿ ಬರೆದುಕೊಂಡಿತು.

ಈಗ ಕೇಳಿ ನನ್ನ ಪಾಂಡಿತ್ಯವನ್ನು.

ನೂರಾರು ಪುಟ್ಟ ಪುಟ್ಟ ಆಂಟೆನಾ ಸೇರಿಸಿ ಮಾಡುವ ಹೊಸ ಬಗೆಯ ರೇಡಾರಿಗೆ ಇಂಗ್ಲಿಷಿನ ನಾಲ್ಕಕ್ಷರದ ಹೆಸರೊಂದಿದೆ, ಎ-ಇ-ಎಸ್-ಎ. ಅದನ್ನು ಕೂಡಿಸಿ ‘ಐಸಾ’ ಎನ್ನುತ್ತಾರೆ. ಫೋನು ಪಾಪ, ಅದನ್ನು ಹಿಂದಿಯ ‘ಐಸಾ’ ಎಂದೇ ಬರೆಯಿತು. ಹಿಂದಿಯ ಐಸಾ ಅಂದರೆ ಇಂಥ. ನಾನು ಮೆಟ್ರೋದಲ್ಲಿ, ಒಬ್ಬ ದಪ್ಪ ಭಯ್ಯಾನ ಮೊಣಕೈ ಪಕ್ಕೆಲುಬಿಗೆ ಒತ್ತಿಸಿಕೊಂಡು, ‘ಐಸಾ ರಡಾರ್’ ಎಂದಿದ್ದಲ್ಲೆಲ್ಲ ‘ಇಂಥ ರೇಡಾರ್’ ಎಂದು ಬರೆದೆ. ‘ಐಸಾ ರಡಾರ್ ಕೋ’ ಎಂದು ಇದ್ದದ್ದನ್ನು ನೋಡಿ, ‘ಐಸೇ’ ಅನ್ನಬೇಕಿತ್ತಲ್ಲ, ಅಯ್ಯೋ ಪಾಪ, ಅಂಕಲ್‌ಗೆ ಇಷ್ಟು ವರ್ಷವಾದರೂ ಹಿಂದಿ ವ್ಯಾಕರಣ ಬಂದಿಲ್ಲ ಎಂದು ಮರುಕಪಟ್ಟೆ ಕೂಡ.

ಆಮೇಲೆ ‘ಜಾಮ್’ ಬಂತು. ಶತ್ರು ನಮ್ಮ ರೇಡಾರಿನ ಕಿವಿಗಡಚಿಕ್ಕುವ ಹಾಗೆ ಸುಳ್ಳು ಅಲೆಗಳನ್ನು ಕಳಿಸಿ ಅದನ್ನು ಕೆಡಿಸುವುದು ಜಾಮ್ ಮಾಡುವುದು. ಆದರೆ ದೆಹಲಿಯಲ್ಲಿ ಜಾಮ್ ಅಂದರೆ ಒಂದೇ ಅರ್ಥ. ‘ಸಂಚಾರ ದಟ್ಟಣೆ’ ಎಂದು ಬರೆದೆ.

ಕೊನೆಗೆ ನನ್ನ ಕಿರೀಟದ ಮಣಿ. ರೇಡಾರ್ ಅಲೆಯನ್ನು ನೇರ ಮುಂದಕ್ಕೆ ಕಳಿಸಿದರೂ ಸ್ವಲ್ಪ ಅಕ್ಕಪಕ್ಕಕ್ಕೂ ಸೋರುತ್ತದೆ. ಆ ಸೋರಿಕೆಗೆ ‘ಸೈಡ್ ಲೋಬ್’ ಎನ್ನುತ್ತಾರೆ. ಫೋನು ಒಂದು ಮಹಾಪ್ರಾಣ ಧಾರಾಳವಾಗಿ ಸೇರಿಸಿ ‘ಸೈಡ್ ಲೋಭ್’ ಎಂದು ಬರೆದಿತ್ತು. ನಾನು ರೋಮಾಂಚನಗೊಂಡೆ. ಇಷ್ಟು ದೊಡ್ಡ ನೀತಿಯನ್ನು ಅಂಕಲ್ ಎಷ್ಟು ಸರಳವಾಗಿ ಹೇಳಿದ್ದಾರಲ್ಲ ಎಂದು ‘ಪಕ್ಕದವರ ಲೋಭ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಹಿಂದಿನ ದಿನ ಅಂಕಲ್, “ಒಂದ್ಸಲ ಓದಿ ಹೇಳು ಮಾರಾಯ,” ಎಂದರು. ನಾನು ಏನು ಹೇಳಿದೆ ಗೊತ್ತೆ? “ಅಂಕಲ್, ನಾನು ಪ್ರೊಫೆಷನಲ್.”

ಭಾನುವಾರ ಸಭಾಂಗಣ ತುಂಬಿತ್ತು. ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಆಂಟಿ ಏಳನೇ ಸಾಲಿನ ತುದಿಯಲ್ಲಿ ರೇಷ್ಮೆ ಸೀರೆಯುಟ್ಟು, ಪರ್ಸನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದು, ಪರೀಕ್ಷೆಗೆ ಬಂದವರಂತೆ ಕೂತಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರ ಕುರ್ಚಿಯಲ್ಲಿ ರಾಯರು. ಕಪ್ಪು ಕನ್ನಡಕದ ಅಂಕಲ್ ಮೈಕಿನ ಬಲಕ್ಕೆ ಎದೆ ಸೆಟೆಸಿ ನಿಂತರು. ನಾನು ಅವರ ಎಡಕ್ಕೆ ನಿಂತೆ. ಅಂದರೆ ಕೇಳದ ಕಿವಿಯ ಕಡೆ. ಅಧ್ಯಕ್ಷರ ಕುರ್ಚಿಯೂ ಆ ಕಡೆಯೇ, ಸ್ಪೀಕರುಗಳ ಮುಖ ಸಭೆಯ ಕಡೆಗೆ, ಹಾಗಾಗಿ ನಾನು ಓದಿದ್ದು ಅವರಿಗೆ ಬರೀ ಗೊಂಯ್ ಎಂದಷ್ಟೇ ಕೇಳುತ್ತಿತ್ತು.

“ಹಳೆಯ ರೇಡಾರಿಗೆ ಶತ್ರುವು ಸುಲಭವಾಗಿ ಸಂಚಾರ ದಟ್ಟಣೆ ಉಂಟುಮಾಡುತ್ತಾನೆ. ಆದರೆ ಇಂಥ ರೇಡಾರಿಗೆ ದಟ್ಟಣೆ ಉಂಟುಮಾಡುವುದು ಕಷ್ಟ. ಆದ್ದರಿಂದ ಎಲ್ಲ ದೇಶಗಳಿಗೂ ಇಂಥ ರೇಡಾರ್ ಬೇಕು.”

“ಎಂಥ ರೇಡಾರ್?” ಎಂದು ಮೂರನೇ ಸಾಲಿನಿಂದ ಯಾರೋ ಕೇಳಿದರು.

“ಇಂಥ,” ಎಂದೆ, ಗಾಂಭೀರ್ಯದಿಂದ.

ಡ್ಯಾನ್ಸಿನ ಬಟ್ಟೆಯಲ್ಲೇ ಇದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. “ಭೈಯಾ, ಮತ್ಲಬ್ ಆಕಾಶದಲ್ಲೂ ಟ್ರಾಫಿಕ್ ಜಾಮ್ ಹೋತಾ ಹೈ? ಧೌಲಾ ಕುವಾಂ ಚೌಕ್ ಜೈಸಾ?”

ಸಭೆ ಗೊಳ್ಳೆಂದಿತು. ಜನ ನಗುವುದನ್ನು ಕೇಳಿ ಅಂಕಲ್ ಸಂತೋಷದಿಂದ ನನ್ನ ಬೆನ್ನು ತಟ್ಟಿದರು. ಆಂಟಿಯ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಪಕ್ಕದವರನ್ನು ಏನೋ ಕೇಳಿ, ಮತ್ತೆ ಮುಂದಕ್ಕೆ ಬಾಗಿ ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಿದ್ದರು. ನಲವತ್ತು ವರ್ಷ ಕಾದ ಉತ್ತರ ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡಿತ್ತು. ನಿಲ್ಲಿಸಬೇಕಿತ್ತು. ಬುದ್ಧಿ ಇದ್ದಿದ್ದರೆ ನಿಲ್ಲಿಸುತ್ತಿದ್ದೆ. ಮುಂದಿನ ಪುಟದಲ್ಲಿ ಗೆರೆ ಎಳೆದ ಸಾಲಿದೆ, ಅದರಿಂದ ಎಲ್ಲ ಸರಿಹೋಗುತ್ತದೆ ಎಂದುಕೊಂಡು ದನಿ ಎತ್ತರಿಸಿದೆ.

“ಪಕ್ಕದವರ ಲೋಭ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಶತ್ರು ಯಾವಾಗಲೂ ನುಗ್ಗುವುದು ಪಕ್ಕದವರ ಲೋಭದ ಮೂಲಕವೇ. ದುಃಖದ ಸಂಗತಿ ಎಂದರೆ, ಖರೀದಿ ಮಾಡುವ ಮೇಜಿನಲ್ಲಿ ಈ ಲೋಭವನ್ನು ಯಾರೂ ಸರಿಯಾಗಿ ಅಳೆಯುವುದಿಲ್ಲ.”

ನಗು ನಿಂತಿತು. ಎಷ್ಟು ಬೇಗ ನಿಂತಿತೆಂದರೆ ಹಿಂದೆ ಅಡುಗೆಯವರು ಸೌಟು ಇಟ್ಟ ಸದ್ದು ವೇದಿಕೆಗೆ ಕೇಳಿಸಿತು. ಮುಂದಿನ ಸಾಲಿನ ಹಳೆಯ ಅಧಿಕಾರಿಗಳೆಲ್ಲ ಒಂದು ಕ್ಷಣ ರಾಯರನ್ನು ನೋಡಿ, ನೋಡಬಾರದಿತ್ತು ಎಂಬಂತೆ ನೆಲ ನೋಡಿದರು. ರಾಯರು ನಿಧಾನವಾಗಿ ಎದ್ದರು. ಅವರ ಕೈ ಕುರ್ಚಿಯನ್ನು ಹಿಡಿದಿತ್ತು.

“ಉತ್ತಯ್ಯ, ಪಾರ್ಕಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ಇದಕ್ಕೆ ನನ್ನ ವೇದಿಕೇನೇ ಬೇಕಿತ್ತಾ?”

ಅಷ್ಟೇ ಹೇಳಿ ಮೆಟ್ಟಿಲ ಕಡೆ ನಡೆದರು. ಕಾರ್ಯದರ್ಶಿ ಮೈಕಿನತ್ತ ಓಡಿ ಬಂದು, “ಊಟಕ್ಕೆ ಏಳೋಣ್ವಾ?” ಎಂದು ನನ್ನನ್ನೇ ಕೇಳಿದರು. ಅಂಕಲ್ ಮಾತ್ರ ಇನ್ನೂ ನಗುಮುಖದಲ್ಲಿ, ನನ್ನ ಕಡೆ ಬಾಗಿ, “ಚಪ್ಪಾಳೆ ಯಾಕೆ ಬರಲಿಲ್ಲ ಮಾರಾಯ?” ಎಂದರು.

ನಾನು ಜೀವನದಲ್ಲಿ ಹಲವು ಸಲ ಓಡಿಹೋಗಿದ್ದೇನೆ. ಕ್ರಿಕೆಟ್ಟಿನಲ್ಲಿ ಗಾಜು ಒಡೆದಾಗ ಓಡಿದ್ದೇನೆ, ಮೆಟ್ರೋ ಕಾರ್ಡಿನಲ್ಲಿ ದುಡ್ಡಿಲ್ಲದಾಗ ಓಡಿದ್ದೇನೆ. ಅವತ್ತೂ ಕಾಲುಗಳು ಎರಡು ಹೆಜ್ಜೆ ಹಿಂದಕ್ಕೆ ಹೋಗಿದ್ದವು. ಆದರೆ ಆಂಟಿ ಪರ್ಸಿನ ಜಿಪ್ ಎಳೆದು ಎದ್ದೇಳಲು ತಯಾರಾಗುತ್ತಿದ್ದರು. ಅವರು ಎದ್ದರೆ ಮುಗಿಯಿತು, ಇನ್ನೊಂದು ಸಲ ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ ಎನ್ನಿಸಿತು. ಅಂಕಲ್‌ನ ಬಲಕ್ಕೆ ಓಡಿ, ಮೈಕ್ ಕಿತ್ತು ಕೈಯಲ್ಲಿ ಹಿಡಿದಿರುವುದನ್ನೂ ಮರೆತು ಅವರ ಕಿವಿಗೆ ಕೂಗಿದೆ.

“ಅಂಕಲ್! ಲೋಭ ಅಂದ್ರೆ ದುರಾಸೆ ತಾನೇ? ನಾನು ದುರಾಸೆ ಅಂತಾನೇ ಬರೆದಿದ್ದೀನಿ!”

ಇಡೀ ಸಭಾಂಗಣಕ್ಕೆ ಕೇಳಿತು. ಅಂಕಲ್ ಕನ್ನಡಕ ಸರಿ ಮಾಡಿಕೊಂಡರು.

“ದುರಾಸೆ? ಎಂಥ ದುರಾಸೆ? ಲೋಭ ಅಲ್ಲ ಮಾರಾಯ, ಲೋಬ್! ಲೋಬ್! ಇಯರ್ ಲೋಬ್ ಅಂತಾರಲ್ಲ, ಕಿವಿ ಹಾಲೆ, ಹಾಗೆ. ರೇಡಾರಿನ ಅಲೆಗೂ ಪಕ್ಕದಲ್ಲಿ ಹಾಲೆ ಇರ್ತದೆ!” ಎಂದು ತಮ್ಮ ಕಿವಿಯ ಹಾಲೆಯನ್ನು ಹಿಡಿದು ಎಲ್ಲರಿಗೂ ತೋರಿಸಿದರು. ನಾನು ಒಂದೊಂದಾಗಿ ತಪ್ಪೊಪ್ಪಿಕೊಂಡೆ. ಐಸಾ ಅಂದರೆ ಇಂಥ ಎಂದುಕೊಂಡದ್ದು, ಜಾಮ್ ಅಂದರೆ ರಸ್ತೆಯದು ಎಂದುಕೊಂಡದ್ದು. “ಭಾಷಣ ಅಂಕಲ್‌ದು ಸರಿಯಿತ್ತು. ಹಾಳು ಮಾಡಿದ್ದು ನಾನು. ರಾಯರೇ, ದಯವಿಟ್ಟು ಕೂತ್ಕೊಳ್ಳಿ.”

ರಾಯರು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದರು. ನನ್ನ ಕಡೆ ತಿರುಗಿದರು.

“ಅಲ್ಲಯ್ಯಾ, ನಾಲ್ಕು ವರ್ಷ ವಿಚಾರಣೆ ಮಾಡಿ ದೊಡ್ಡ ದೊಡ್ಡೋರಿಗೆ ಸಿಗದ ಲೋಭ, ನಿಂಗೆ ಮೆಟ್ರೋದಲ್ಲಿ ಸಿಕ್ತಾ?”

ಮೊದಲು ನಕ್ಕವರು ಅವರೇ. ಆಮೇಲೆ ಸಭೆ ನಕ್ಕಿತು. ಆದರೆ ಅವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡದ್ದು ನಕ್ಕಿದ್ದಕ್ಕೆ ಮಾತ್ರ ಆಗಿರಲಿಕ್ಕಿಲ್ಲ. ಅಂಕಲ್ ಕೈ ಚಾಚಿ ಅವರನ್ನು ಮೇಲಕ್ಕೆ ಎಳೆದುಕೊಂಡರು. “ಗಡಿ ದಾಟೋನಲ್ಲ ನಾನು, ನಿಮಗೆ ಗೊತ್ತಿಲ್ವಾ ರಾವ್ ಸಾಹೇಬ್ರೇ?” ಎಂದು ಮೆಲ್ಲಗೆ ಹೇಳಿದರು. ಆಮೇಲೆ ನನ್ನ ಕೈಯ ಹಾಳೆಗಳನ್ನು ತೆಗೆದುಕೊಂಡು ಮಡಚಿ ಜೇಬಿಗೆ ತುರುಕಿದರು.

“ಬಿಡಿ. ನನ್ನ ಕನ್ನಡದಲ್ಲೇ ಹೇಳ್ತೇನೆ. ಬಾವುಟ ಇಳಿದ್ರೆ ರಾವ್ ಸಾಹೇಬ್ರು ಎತ್ತಿ ಕಟ್ತಾರೆ.”

ಅವರು ಮಕ್ಕಳನ್ನೆಲ್ಲ ಎದ್ದು ನಿಲ್ಲಿಸಿದರು. “ನನಗೆ ಈಗ ಕಣ್ಣು ಸರಿಯಾಗಿ ಕಾಣೋದಿಲ್ಲ. ರಾತ್ರಿ, ಮೋಡದೊಳಗೆ, ಪೈಲಟ್‌ಗೂ ಕಾಣೋದಿಲ್ಲ. ಅವನು ಏನು ಮಾಡ್ತಾನೆ? ಕೂಗ್ತಾನೆ. ಕೂಗಿದ್ದು ಎದುರಿನ ವಿಮಾನಕ್ಕೆ ಬಡಿದು ವಾಪಸ್ ಬರ್ತದೆ. ಬಂದ ದಿಕ್ಕಲ್ಲಿ ವಿಮಾನ ಇದೆ ಅಂತ ಲೆಕ್ಕ. ಅಷ್ಟೇ ರೇಡಾರ್. ಶತ್ರು ಬುದ್ಧಿವಂತ. ಆ ಸಣ್ಣ ಉತ್ತರ ಕೇಳಿಸಬಾರದು ಅಂತ ಅವನು ಗದ್ದಲ ಮಾಡ್ತಾನೆ. ಅದು ಜಾಮಿಂಗ್. ಚಲೋ, ಎಲ್ಲರೂ ಗದ್ದಲ ಮಾಡಿ! ರಾವ್ ಸಾಹೇಬ್ರೇ, ನೀವು ಮೈಕಲ್ಲಿ ಒಂದು ಟೆಂಡರ್ ನೋಟೀಸ್ ಓದಿ. ಅದಕ್ಕಿಂತ ದೊಡ್ಡ ಜಾಮರ್ ಇಲ್ಲ.”

ರಾಯರು ಬಿಡುತ್ತಾರೆಯೇ? ಕನ್ನಡದಲ್ಲೂ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಷರತ್ತುಗಳನ್ನು ಸುರಿಸತೊಡಗಿದರು. ಮಕ್ಕಳು ಕುರ್ಚಿ ಬಡಿದರು. ಅದರ ನಡುವೆ ಅಂಕಲ್ “ಪೊನ್ನಮ್ಮಾ!” ಎಂದು ಕೂಗಿದರು. ಆಂಟಿ ನಾಚಿಕೊಂಡು ಏನೋ ಅಂದರು, ನನಗೂ ಕೇಳಿಸಲಿಲ್ಲ. ಅಂಕಲ್ ಕೈ ಅಲ್ಲಾಡಿಸಿದರು. “ನೋಡಿ, ಹಳೇ ರೇಡಾರ್ ಇಲ್ಲಿಗೆ ಸೋತಿತು. ಐಸಾ ಏನು ಮಾಡ್ತದೆ? ಒಂದೇ ಥರ ಕೂಗೋದಿಲ್ಲ. ಶತ್ರು ಒಂದು ಸ್ವರಕ್ಕೆ ಅಡ್ಡ ನಿಂತ್ರೆ ಇನ್ನೊಂದು ಸ್ವರಕ್ಕೆ ಹಾರ್ತದೆ. ಮತ್ತೆ ಪಕ್ಕದ ಗದ್ದಲ ಒಳಗೆ ಬರದ ಹಾಗೆ ಹಾಲೆ ಸಣ್ಣ ಮಾಡ್ಕೊಳ್ತದೆ.”

ಬಲಗಿವಿಯ ಹಿಂದೆ ಅಂಗೈಯನ್ನು ದೊನ್ನೆಯಂತೆ ಹಿಡಿದರು. ಒಮ್ಮೆ ದಪ್ಪ ದನಿಯಲ್ಲಿ, ಒಮ್ಮೆ ಕೀರಲು ದನಿಯಲ್ಲಿ, ಒಮ್ಮೆ ಬರೀ “ಪೊನ್ನೂ” ಎಂದು, ಕೂಗುತ್ತ ಕೂಗುತ್ತ ತಲೆಯನ್ನು ಒಂದೊಂದೇ ಸಾಲಿನ ಮೇಲೆ ನಿಧಾನವಾಗಿ ತಿರುಗಿಸಿದರು. ಆಂಟಿ ಎದ್ದು ನಿಂತರು. ನಾಚಿಕೆ ಎಲ್ಲಿ ಹೋಗಿತ್ತೋ, ಎರಡೂ ಕೈ ಬಾಯಿಗೆ ಹಿಡಿದು, “ಓಯ್!” ಎಂದರು.

ಅಂಕಲ್‌ನ ತಲೆ ನಿಂತಿತು. ಬೆರಳು ಎತ್ತಿ ತೋರಿಸಿದರು, ಬಾಣ ಬಿಟ್ಟಂತೆ.

“ಅಲ್ಲಿ. ಬಲಗಡೆ ತುದಿ. ಏಳೆಂಟನೇ ಸಾಲು.”

ಗದ್ದಲ ತಾನಾಗಿ ನಿಂತಿತು. ರಾಯರು ಮೈಕ್ ಕೆಳಗಿಳಿಸಿದರು.

“ಇಷ್ಟೇ ಪೊನ್ನೂ ನಾನು ಮಾಡ್ತಿದ್ದದ್ದು,” ಎಂದರು ಅಂಕಲ್. “ಬೆಳಿಗ್ಗೆಯಿಂದ ಸಂಜೆವರೆಗೆ ನಾವೇ ಗದ್ದಲ ಹಾಕೋದು, ಅದರೊಳಗೆ ಆ ಒಂದು ದನಿ ಸಿಗ್ತದಾ ಅಂತ ನೋಡೋದು. ಸಿಗದಿದ್ರೆ ಬಿಚ್ಚಿ ಸರಿ ಮಾಡೋದು. ಸಿಕ್ಕದೆ ವಿಮಾನ ಬಿಡೋ ಹಾಗಿಲ್ಲ. ಮೇಲೆ ಹೋಗೋನು ಯಾರದೋ ಮಗ.”

ಆಗ ಬಂದ ಚಪ್ಪಾಳೆ ಅವರ ಎಡಗಿವಿಗೂ ಕೇಳಿಸಿರಬೇಕು. ರಾಯರು ಮೈಕಿಗೆ ಬಾಯಿಟ್ಟು, “ಇನ್ನು ಇದನ್ನ ಕೊಳ್ಳೋಕೆ ಅಷ್ಟು ವರ್ಷ ಯಾಕೆ ಹಿಡಿಯುತ್ತೆ ಅಂದ್ರೆ, ಮೊದಲನೇದಾಗಿ...” ಎಂದು ಶುರು ಮಾಡಿದರು. ಜನ ಒಮ್ಮೆಲೇ ಊಟಕ್ಕೆ ಎದ್ದರು.

ಅವತ್ತಿನಿಂದ ನನ್ನನ್ನು ಸಂಘದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಇಂಥ’ ಎನ್ನುತ್ತಾರೆ. “ಇಂಥ ಬಂದ ನೋಡಿ!” ಅದನ್ನು ನಾನು ಬಿರುದು ಎಂದೇ ತಿಳಿದಿದ್ದೇನೆ. ಬರೆದದ್ದನ್ನು ಈಗ ಸಂಬಂಧಪಟ್ಟವರಿಗೆ ಓದಿ ಹೇಳದೆ ಮುಂದಕ್ಕೆ ಕಳಿಸುವುದಿಲ್ಲ, ಸೊಳ್ಳೆ ಬತ್ತಿಯಾದರೂ ಸರಿ.

ಮಾರನೇ ದಿನ ಬೆಳಿಗ್ಗೆ ಕಾಫಿಗೆ ಕೆಳಗಿಳಿದೆ. ಅಂಕಲ್ ಕಣ್ಣಿಗೆ ಔಷಧಿ ಬಿಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದರು. ಆಂಟಿಯ ಮುಂದೆ ನಿಂತು, “ಕ್ಷಮಿಸಿ ಆಂಟಿ, ನಿಮ್ಮ ದಿನ ಹಾಳು ಮಾಡಿಬಿಡ್ತಿದ್ದೆ,” ಎಂದೆ. ಅವರು ಲೋಟವನ್ನು ನನ್ನ ಕೈಗೆ ಕೊಟ್ಟು, ಎದುರಿನ ಸ್ಟೂಲಿನ ಮೇಲೆ ಕೂತರು.

“ನೀನು ಸರಿಯಾಗಿ ಬರೆದಿದ್ರೆ ಅವರು ಅದನ್ನೇ ಓದಿಸಿ ಇಳಿದು ಬರ್ತಿದ್ರು. ನಂಗೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ಅಂಬಾಲಾ ಏರ್‌ಫೋರ್ಸ್ ಕ್ವಾರ್ಟರ್ಸಲ್ಲಿದ್ದಾಗ ಇವರು ಸಂಜೆ ಮನೆಗೆ ಬಂದ್ರೆ ಒಂದು ಗಂಟೆ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ ಪ್ರದೀಪ. ರೇಡಿಯೋ ಹಾಕಿದ್ರೆ ಆಫ್ ಮಾಡೋರು. ನಾನು ಹೊಸ ಮದುವಣಗಿತ್ತಿ. ನಂದೇ ಏನೋ ತಪ್ಪು, ಇವರಿಗೆ ನಾನು ಇಷ್ಟ ಇಲ್ಲ ಅಂತ ಅಡುಗೆಮನೇಲಿ ಕೂತು ಅಳ್ತಿದ್ದೆ. ಪಾಪ, ದಿನವೆಲ್ಲ ಆ ಗದ್ದಲ ಕೇಳಿ ಬಂದಿರ್ತಿದ್ರು ಅಂತ ನಂಗೆ ನಿನ್ನೆ ಗೊತ್ತಾಯ್ತು.”